ಕ್ಲಾಸೆಟ್ಟಿನೊಳಗಿನ ಅಂತಃಪುರ

ಮೊನ್ನೆ ಸೀರೆಗಳನ್ನು ಬಿಸಿಲಿಗೆ ಹಾಕೋಣವೆಂದು ಮಲಗುವ ಕೋಣೆಗೆ ಅಂಟಿಕೊಂಡ ಬಟ್ಟೆಯ ಕಿರುಕೋಣೆ, ಕ್ಲಾಸೆಟ್ಟಿನ ಬಾಗಿಲು ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆ ಅಜ್ಜಿಯ ಟ್ರಂಕನ್ನು ನೆನಪಿಸುತ್ತದಂತೆ. ನನಗೆ ಮಾತ್ರ ಹಳೆಯ ಮೈಸೂರಿನ ಒಂದು ನಾಟಕ, ಇದೇ ಸೀರೆಗಳ ನಡುವೆ ಕೂತು ಅದನ್ನು ಓದಿದ ಎದುರು ಮನೆಯ ಆಂಟಿ...

ಅವರು ನಮ್ಮ ಈ ಊರು ಫ್ಲೂಗರ್‌ವಿಲ್‌ಗೆ ಬಂದದ್ದು ಮಗಳ ಬಾಣಂತನಕ್ಕೆ. ಮಗಳು ಆಸ್ಪತ್ರೆಯಲ್ಲಿ ಡಾಕ್ಟರ್, ಅಳಿಯನಿಗೆ ಅರ್ಧ ವಾರ ಡಲ್ಲಾಸ್‌ನಲ್ಲಿ ಕೆಲಸ. ಕೆಲವು ತಿಂಗಳ ಮಟ್ಟಿಗೆಂದು ಬಂದವರಿಗೆ ಗ್ರೀನ್ ಕಾರ್ಡ್ ಮಾಡಿಸಿದರು. ಆಮೇಲೆ ಎರಡನೆಯ ಮಗುವೂ ಆಯಿತು. ಅಲ್ಲಿಗೆ ಊರಿಗೆ ಮರಳುವ ಮಾತು ಮುಗಿಯಿತು. ಡ್ರೈವಿಂಗ್ ಬರದು, ನಮ್ಮ ಕಡೆ ಬಸ್ಸಿಲ್ಲ. ಮೈಸೂರಿನಲ್ಲಿ ಕಾಲೇಜು ಹುಡುಗರನ್ನು ನಡುಗಿಸಿದ್ದ ಕನ್ನಡ ಅಧ್ಯಾಪಕಿ ಇಲ್ಲಿ ಮೇಲ್‌ಬಾಕ್ಸ್‌ವರೆಗೆ ನಡೆದು ಹಿಂದಿರುಗುತ್ತಿದ್ದರು. ಮಗಳು ಕೆಟ್ಟವಳಲ್ಲ. ಅದೇ ಕಷ್ಟ, ಯಾರ ಮೇಲೆಂದು ಸಿಟ್ಟು ಮಾಡಿಕೊಳ್ಳುವುದು?

ಅವರ ಜೀವವೆಲ್ಲ ಹದಿನೇಳನೆಯ ಶತಮಾನದ ಕೊನೆಯ ಮೈಸೂರಿನಲ್ಲಿತ್ತು. ಅರಮನೆಯ ಕವಿಗಳನ್ನು ಪಕ್ಕದ ಬೀದಿಯವರ ಹಾಗೆ ಬೈದುಕೊಂಡೇ ಪ್ರೀತಿಸುತ್ತಿದ್ದರು. ಆ ಆಸ್ಥಾನದ ನಾಟಕವೊಂದನ್ನು ವರ್ಷಗಟ್ಟಲೆ ಪಾಠ ಮಾಡಿದ್ದರೂ ರಂಗದ ಮೇಲೆ ಒಮ್ಮೆಯೂ ನೋಡಿರಲಿಲ್ಲ.

"ಜೀವಮಾನ ಪೂರ್ತಿ ಅಡುಗೆ ಪುಸ್ತಕ ಓದಿದೀನಿ ಕಣೆ, ಊಟ ಮಾಡಿಲ್ಲ. ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು."

ಕನ್ನಡ ಸಂಘದವರ ಬೆನ್ನು ಹತ್ತಿ ರಾಜ್ಯೋತ್ಸವದಲ್ಲಿ ಇಪ್ಪತ್ತು ನಿಮಿಷ ಗಿಟ್ಟಿಸಿದೆ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷ್. ಅವರ ಬಾಯಲ್ಲಿ ಆ ಹಳೆಯ ಕನ್ನಡ ಹೊರಡುವುದುಂಟೆ? ಹಾಗಾಗಿ ಇಲ್ಲಿಯ ಪದ್ಧತಿಯಂತೆ ಮಾತುಗಳನ್ನು ಮೊದಲೇ ರೆಕಾರ್ಡ್ ಮಾಡುವುದು, ವೇದಿಕೆಯಲ್ಲಿ ಮಕ್ಕಳು ತುಟಿ ಆಡಿಸುವುದು ಎಂದಾಯಿತು. ನನ್ನ ಮನೆಯಲ್ಲಿ ಎಸಿಯ ಸದ್ದು ಕೇಳದ ಜಾಗ ಕ್ಲಾಸೆಟ್ಟೊಂದೇ. ಅಲ್ಲೇ ಆಂಟಿಯನ್ನು ಕೂರಿಸಿ ಬಾಗಿಲು ಹಾಕಿದೆ. ರಾಜ, ರಾಣಿ, ವಿದೂಷಕ, ರಾಣಿಯು ಅಂತಃಪುರದಲ್ಲಿ ಕೂಡಿಹಾಕಿದ ಹುಡುಗಿ, ಎಲ್ಲರ ಮಾತೂ ಅವರದೇ. ಹುಡುಗಿಯ ಸರದಿ ಬಂದಾಗ ದನಿ ಎಷ್ಟು ಇಳಿಯಿತೆಂದರೆ ಮೈಕನ್ನು ಹತ್ತಿರ ಸರಿಸಬೇಕಾಯಿತು.

ನಾಟಕದ ದಿನವೇ ಚಿಕ್ಕ ಮಗುವಿಗೆ ಜ್ವರ. ಮಗಳಿಗೆ ಆಸ್ಪತ್ರೆಯಿಂದ ತುರ್ತು ಕರೆ, ಅಳಿಯ ಡಲ್ಲಾಸ್‌ನಲ್ಲಿ. ನಾನು ಕರೆದೊಯ್ಯಲು ಹೋದಾಗ ಆಂಟಿ ಹಸಿರು ರೇಷ್ಮೆ ಸೀರೆ ಉಟ್ಟು, ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

"ಮಗೂನ ನಾನ್ ನೋಡ್ಕೋತೀನಿ, ನೀವ್ ಯಾರ ಕಾರಲ್ಲಾದ್ರೂ ಹೋಗಿ ಆಂಟಿ."

"ಪೆದ್ದಿ, ಆಡಿಯೋ ಯಾರು ಹಾಕ್ತಾರೆ? ಹೊರಡು, ಲೇಟಾಗುತ್ತೆ."

ಅವರ ದನಿ ಸಭಾಂಗಣವನ್ನು ತುಂಬಿತು. ಸೆರೆಯ ಬಾಗಿಲು ತೆರೆದು ಹುಡುಗಿ ಹೊರಬಂದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೆ ಸಂತೋಷವಾಗಲಿಲ್ಲ. ಆ ಚಪ್ಪಾಳೆ ಕೇಳಬೇಕಾದವರೇ ಅಲ್ಲಿರಲಿಲ್ಲ. ಹೋಗಲಿ, ವಿಡಿಯೋ ಆದರೂ ತೋರಿಸೋಣವೆಂದರೆ, ಅಧ್ಯಕ್ಷರ ಭಾಷಣವನ್ನು ಒಂದಕ್ಷರ ಬಿಡದೆ ಹಿಡಿದಿದ್ದ ಪುಣ್ಯಾತ್ಮರು ನಾಟಕದ ಹೊತ್ತಿಗೆ ಬಿಸಿಬೇಳೆಬಾತಿನ ಸಾಲಿನಲ್ಲಿದ್ದರು!

ಮುಗಿದೊಡನೆ ಆಂಟಿಯ ಮನೆಗೆ ಓಡಿದೆ. ಅವರು ಇನ್ನೂ ಅದೇ ಸೀರೆಯಲ್ಲಿದ್ದರು, ಮಗು ಎದೆಯ ಮೇಲೆ ನಿದ್ದೆ ಹೋಗಿತ್ತು. ನಾನು ಬಾಯಿ ತೆರೆಯುವುದರೊಳಗೆ, "ಹೇಳ್ಬೇಡ, ಮಾಡಿ ತೋರ್ಸು" ಎಂದರು.

ಮಗುವಿಗೆ ಎಚ್ಚರವಾಗದಂತೆ ಪಿಸುದನಿಯಲ್ಲೇ ಶುರು ಮಾಡಿದೆ. ಸೌಟು ಹಿಡಿದು ರಾಜನಾದೆ, ಸೊಂಟದ ಮೇಲೆ ಕೈಯಿಟ್ಟು ರಾಣಿಯಾದೆ, ವಿದೂಷಕನಾಗಿ ಸೋಫಾಕ್ಕೆ ಎಡವಿ ನಿಜವಾಗಿಯೂ ಬಿದ್ದೆ. ಆಂಟಿ ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊನೆಗೆ ಸೆರೆಯ ಹುಡುಗಿಯಾಗಲು ಗೋಡೆಯ ಮೂಲೆಗೆ ಹೋಗಿ ಕೂರುತ್ತಿದ್ದಂತೆ ಕೈಯೆತ್ತಿ ತಡೆದರು.

"ಅದು ಬೇಡಮ್ಮ, ಅದು ನಂಗೊತ್ತು. ಬಾಗಿಲು ತೆಗೀತಾರಲ್ಲ, ಅಲ್ಲಿಂದ ಮಾಡು."

ಮಾಡಿದೆ. ಹೇಗೆ ಮಾಡಿದೆನೋ ದೇವರೇ ಬಲ್ಲ...

ಆಮೇಲೆ ಮಗಳಿಗೆ ಹ್ಯೂಸ್ಟನ್‌ನಲ್ಲಿ ಕೆಲಸವಾಗಿ ಎಲ್ಲರೂ ಅಲ್ಲಿಯ ಕ್ಲಿಯರ್ ಲೇಕ್‌ ಬಡಾವಣೆಗೆ ಶಿಫ್ಟ್ ಆದರು. ಹೋದ ವರ್ಷ ಆಂಟಿ ಅಲ್ಲೇ ತೀರಿಕೊಂಡರು. ಮೈಸೂರಿಗೆ ಹೋಗುವುದು ಮುಂದಿನ ರಜಕ್ಕೆ, ಮುಂದಿನ ರಜಕ್ಕೆ ಎಂದು ಕೊನೆಗೂ ಆಗಲಿಲ್ಲವಂತೆ.

ಸಂಘದವರು ಈಗಲೂ ಫೋನ್ ಮಾಡಿ ಇನ್ನೊಂದು ನಾಟಕ ಮಾಡಿಸಿ ಎನ್ನುತ್ತಾರೆ. ಪುರುಸೊತ್ತಿಲ್ಲ ಎಂದು ಸುಳ್ಳು ಹೇಳುತ್ತೇನೆ. ಮುಗಿದ ಮೇಲೆ ಓಡಿ ಹೋಗಿ ಯಾರಿಗೆ ಮಾಡಿ ತೋರಿಸಲಿ?