ಟೇಲರಮ್ಮ ಮಗಳನ್ನು ಐದನೇ ಕ್ಲಾಸಿಗೆ ಸೇರಿಸಿದ್ದು

ಟೇಲರಮ್ಮ ಒಂದು ಸಲ ಕತ್ತರಿ ಎತ್ತಿದಳೆಂದರೆ ಮತ್ತೆ ಅಳತೆ ನೋಡುವವಳಲ್ಲ. ಹದಿನೆಂಟು ವರ್ಷ ಜನರ ಮೈಗೆ ಬಟ್ಟೆ ಕೂರಿಸಿ ಪಳಗಿದ ಕೈ ಅದು. ಗಂಡ ಲಿಫ್ಟ್ ಮೆಕ್ಯಾನಿಕ್. ಹೊರದೇಶದ ಕಂಪನಿಯೊಂದು ಅವನಿಗೆ ಕೆಲಸ ಕೊಟ್ಟು, ಹೆಂಡತಿ ಮಗಳನ್ನೂ ಕರೆತರಬಹುದು ಎಂದಾಗ ನೆಂಟರಿಷ್ಟರೆಲ್ಲ ಇವಳನ್ನು ಹೆದರಿಸಿದರು.

"ಅಲ್ಲಿ ಭಾಷೆ ಬರಲ್ಲ, ಜನ ಗೊತ್ತಿಲ್ಲ. ಏನು ಮಾಡ್ತೀಯೇ?"

"ಅವರೂ ಬಟ್ಟೆ ಹಾಕ್ಕೊಳ್ಳೋ ಜನಾನೇ ತಾನೇ?" ಎಂದಳು ಟೇಲರಮ್ಮ. ಹೊಲಿಗೆ ಮೆಷಿನ್ನಿನ ತಲೆಯನ್ನಷ್ಟೇ ಬಿಚ್ಚಿ, ಹಳೆಯ ಸ್ವೆಟರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡು ಹೊರಟೇಬಿಟ್ಟಳು.

ಅವಳ ಲೆಕ್ಕ ತಪ್ಪಲಿಲ್ಲ. ಹೋದ ಮೂರನೇ ವಾರಕ್ಕೇ ಬೀದಿ ಮೂಲೆಯ ಲಾಂಡ್ರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಹಿಂದಿನ ಕೋಣೆಯಲ್ಲಿ ಇಸ್ತ್ರಿಯ ಹಬೆ, ತಲೆಯ ಮೇಲೆ ಹ್ಯಾಂಗರುಗಳ ಸಾಲು, ಕಿಟಕಿಯ ಪಕ್ಕ ಒಂದು ಮೆಷಿನ್. ಪ್ಯಾಂಟಿನ ಉದ್ದ ಮಡಚುವುದು, ಸೊಂಟ ಸಡಿಲಿಸುವುದು, ಕೆಟ್ಟ ಜಿಪ್ ಬದಲಿಸುವುದು. ಗಿರಾಕಿ ಬೆರಳಿಟ್ಟು ತೋರಿಸಿದ ಕಡೆ ಗುಂಡುಪಿನ್ನು ಚುಚ್ಚಿದರೆ ಮುಗಿಯಿತು. ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಮಾತೇ ಬಾರದವಳಿಗೂ ಇಲ್ಲ ಎಂದು ಅವಳು ಗಂಡನ ಮುಂದೆ ನಗುತ್ತಿದ್ದಳು.

ಶಾಲೆಯ ಕಚೇರಿಯಲ್ಲಿ ಮಾತ್ರ ಈ ಧೈರ್ಯ ಕೈಕೊಟ್ಟಿತು. ಮಗಳು ಊರಿನಲ್ಲಿ ನಾಲ್ಕನೇ ತರಗತಿ ಮುಗಿಸಿದ್ದಳು. ಲೆಕ್ಕದಲ್ಲಿ ಯಾವಾಗಲೂ ಮೊದಲು. ಗುಮಾಸ್ತೆ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿದಳು, ಒಂದಕ್ಷರ ಓದಲಾಗಲಿಲ್ಲ. ಮಗಳಿಗೆ ಎರಡು ಪ್ರಶ್ನೆ ಕೇಳಿದಳು. ಮಗಳು ಅಮ್ಮನ ಮುಖ ನೋಡಿದಳು. ಗುಮಾಸ್ತೆ ಅರ್ಜಿಯಲ್ಲಿ ಏನೋ ಬರೆದು, ಸಹಿ ಹಾಕುವ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ ಕೊಟ್ಟಳು. ಟೇಲರಮ್ಮ ಸಹಿ ಹಾಕಿದಳು. ಯಾವುದಕ್ಕೆ ಸಹಿ ಹಾಕಿದೆನೆಂದು ಗೊತ್ತಾದದ್ದು ಸಂಜೆ, ಗಂಡ ಆ ಕಾಗದವನ್ನು ಫೋನಿನಲ್ಲಿ ತರ್ಜುಮೆ ಮಾಡಿಸಿದಾಗ. ಐದಕ್ಕೆ ಹೋಗಬೇಕಾದ ಹುಡುಗಿಯನ್ನು ಮೂರಕ್ಕೆ ಸೇರಿಸಿಕೊಂಡಿದ್ದರು.

"ಹೋಗ್ಲಿ ಬಿಡೇ," ಎಂದ ಗಂಡ. "ಭಾಷೆ ಬಂದ್ಮೇಲೆ ಅವರೇ ಮೇಲಕ್ಕೆ ಹಾಕ್ತಾರೆ."

ಅವಳು ಒಂದು ತಿಂಗಳು ಸುಮ್ಮನಿದ್ದಳು. ಒಂದು ಮಧ್ಯಾಹ್ನ ಲಾಂಡ್ರಿಯಲ್ಲಿ ಕೆಲಸ ಬೇಗ ಮುಗಿಯಿತೆಂದು ತಾನೇ ಶಾಲೆಗೆ ಹೋದಳು. ಬಾಗಿಲ ಬಳಿ ಪುಟ್ಟ ಮಕ್ಕಳು ಸಾಲಾಗಿ ನಿಂತಿದ್ದರು. ಅವರಿಗಿಂತ ಒಂದು ತಲೆ ಎತ್ತರದ ಮಗಳು ಮಂಡಿಯೂರಿ ಒಬ್ಬೊಬ್ಬರದೇ ಜಾಕೆಟ್ಟಿನ ಜಿಪ್ ಹಾಕುತ್ತಿದ್ದಳು.

"ಏನೇ ಇದು?"

"ಟೀಚರ್ ಒಬ್ಬರಿಗೇ ಆಗಲ್ಲಮ್ಮಾ. ನಂಗೂ ಬೇರೆ ಕೆಲಸ ಇರಲ್ಲ."

"ಲೆಕ್ಕ ಮಾಡಿಸಲ್ವಾ?"

"ಮಾಡಿಸ್ತಾರೆ. ನಾಲ್ಕರ ಮಗ್ಗಿ. ಅವರು ಬೋರ್ಡ್ ಮೇಲೆ ಬರೆಯೋದ್ರೊಳಗೆ ನಂದು ಮುಗಿದಿರುತ್ತೆ." ಮನೆಯ ದಾರಿ ಹಿಡಿದ ಮೇಲೆ ಮಗಳು ಅಮ್ಮನ ಕೈ ಹಿಡಿದೆಳೆದಳು. "ಅಮ್ಮಾ, ಅಲ್ಲಿ ನಾನು ದಡ್ಡಿ ಅಂದ್ಕೊಂಡಿದ್ದಾರೆ."

ಅಳುತ್ತ ಕೂರುವ ಜಾಯಮಾನ ಟೇಲರಮ್ಮನದಲ್ಲ.

ಕೆಳಗಿನ ಮನೆಯಲ್ಲಿ ಬಸ್ ಓಡಿಸಿ ನಿವೃತ್ತನಾದ ಮುದುಕನೊಬ್ಬನಿದ್ದ. ಮಗಳು ಅವನನ್ನು ಡ್ರೈವರಜ್ಜ ಎಂದು ಕರೆಯುತ್ತಿದ್ದಳು. ಅವನ ಕೋಟಿನ ಒಳಬಟ್ಟೆಯನ್ನು ಟೇಲರಮ್ಮ ಹೊಸದಾಗಿ ಹೊಲಿದುಕೊಟ್ಟಿದ್ದಳು. ಅವನು ಪರ್ಸು ತೆಗೆದಾಗ ಬೇಡವೆಂದು ಕೈ ಅಡ್ಡ ಹಿಡಿದು ತನ್ನ ಬಾಯಿ ತೋರಿಸಿದಳು. ಮುದುಕ ಮೊದಲು ಹಸಿವೆಂದುಕೊಂಡು ಬ್ರೆಡ್ಡು ತಂದಿಟ್ಟ. ಆಮೇಲೆ ಅರ್ಥವಾಯಿತು, ಈ ಹೆಂಗಸಿಗೆ ಬೇಕಾದದ್ದು ಮಾತು. ಎರಡು ವಾರ, ದಿನವೂ ಸಂಜೆ, ಅವನ ಅಡುಗೆಮನೆಯ ಮೇಜಿನ ಮುಂದೆ ಪಾಠ ನಡೆಯಿತು. ಉಚ್ಚಾರ ತಪ್ಪಿದರೆ ಚಮಚದಿಂದ ಮೇಜು ಕುಟ್ಟುತ್ತಿದ್ದ. ಕೊನೆಗೆ ಅವಳ ಬಾಯಲ್ಲಿ ಹದಿನೈದು ವಾಕ್ಯಗಳು ಗಟ್ಟಿಯಾಗಿ ನಿಂತವು.

ಮುಖ್ಯೋಪಾಧ್ಯಾಯಿನಿ ಎತ್ತರದ, ಮೆದುಮಾತಿನ ಹೆಂಗಸು. ಟೇಲರಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರುಮಾಡಿದಳು. "ನನ್ನ ಮಗಳಿಗೆ ಭಾಷೆ ಬರಲ್ಲ. ಬುದ್ಧಿ ಇದೆ."

ಆಕೆ ಪಟಪಟನೆ ಏನೋ ಹೇಳತೊಡಗಿದಳು. ಟೇಲರಮ್ಮ ಕೈ ಎತ್ತಿ, "ನಿಧಾನ," ಎಂದಳು. ಡ್ರೈವರಜ್ಜ ಕಲಿಸಿದ್ದರಲ್ಲಿ ಅದು ಏಳನೇ ವಾಕ್ಯ.

"ಇಲ್ಲಿ ನಿಯಮ ಹಾಗಿದೆ. ಕೆಳಗಿನ ಕ್ಲಾಸಿನಲ್ಲಿದ್ದರೆ ಮಗುವಿಗೇ ಸುಲಭ," ಎಂದು ಆಕೆ ಒಂದೊಂದೇ ಪದ ಬಿಡಿಸಿ ಹೇಳಿದಳು.

"ಸುಲಭ ಬೇಡ. ಐದನೇ ಕ್ಲಾಸಿನ ಲೆಕ್ಕ ಕೊಡಿ."

ಪ್ರಶ್ನೆಪತ್ರಿಕೆ ಬಂತು. ಇಪ್ಪತ್ತು ಲೆಕ್ಕ. ಮಗಳು ತಲೆ ಬಗ್ಗಿಸಿದವಳು ಅರ್ಧ ಗಂಟೆಯ ಮೇಲೆ ಎತ್ತಿದಳು. ಹದಿನಾರು ಸರಿ. ಉಳಿದ ನಾಲ್ಕು ಕಥೆಯ ರೂಪದ ಲೆಕ್ಕಗಳು, ಪದ ತಿಳಿಯದೆ ಖಾಲಿ ಬಿಟ್ಟಿದ್ದಳು. ಮುಖ್ಯೋಪಾಧ್ಯಾಯಿನಿ ಕಾಗದದ ಮೇಲೆ ಪೆಟ್ಟಿಗೆ, ಚೀಲಗಳ ಚಿತ್ರ ಬರೆದು ತೋರಿಸಿದಳು. ಆ ನಾಲ್ಕೂ ಆದವು.

ಅಷ್ಟಾದರೂ ಆಕೆ ಅನುಮಾನಿಸುತ್ತಿದ್ದಳು. ಟೇಲರಮ್ಮನ ಹದಿನೈದು ವಾಕ್ಯವೂ ಖರ್ಚಾಗಿತ್ತು. ಅವಳು ಮಗಳ ಲಂಗದ ಅಂಚು ಮಗುಚಿ, ಒಳಗೆ ಮಡಚಿಟ್ಟ ಮೂರು ಬೆರಳು ಬಟ್ಟೆ ತೋರಿಸಿ ತನ್ನ ಭಾಷೆಯಲ್ಲೇ ಹೇಳಿದಳು. "ನೋಡಿ ಮೇಡಂ, ಮಗು ಬೆಳೆಯುತ್ತೆ ಅಂತ ಇಷ್ಟು ಬಟ್ಟೆ ಬಿಟ್ಟೇ ಹೊಲೀತೀವಿ. ಚಿಕ್ಕದು ಹೊಲಿದು, ಅದರಲ್ಲೇ ಇರು ಅಂತ ಯಾರಾದ್ರೂ ಹೇಳ್ತಾರಾ?"

ಮಾತು ಎಷ್ಟು ತಿಳಿಯಿತೋ, ಆಕೆ ಬಗ್ಗಿ ಅಂಚನ್ನು ಮುಟ್ಟಿ ನೋಡಿ ನಕ್ಕಳು. ಲೆಕ್ಕ, ವಿಜ್ಞಾನ, ಆಟ ಐದನೇ ಕ್ಲಾಸಿನಲ್ಲಿ, ಭಾಷೆಯ ಪಾಠ ಮಾತ್ರ ಮೂರನೆಯದರಲ್ಲಿ, ಮೂರು ತಿಂಗಳು ನೋಡೋಣ ಎಂದು ತೀರ್ಮಾನವಾಯಿತು.

ಮೂರು ತಿಂಗಳಿಗೆ ಪರೀಕ್ಷೆ ಬಂತು. ಲೆಕ್ಕದಲ್ಲಿ ತೊಂಬತ್ತೊಂದು, ಭಾಷೆಯಲ್ಲಿ ಹತ್ತೊಂಬತ್ತು. ಮಗಳ ಕಣ್ಣಲ್ಲಿ ನೀರು.

"ನಾನು ಆಗಲೇ ಹೇಳಲಿಲ್ವಾ?" ಎಂದ ಗಂಡ.

"ಸೊನ್ನೆಯಿಂದ ಹತ್ತೊಂಬತ್ತಕ್ಕೆ ಬಂದಿದ್ದಾಳೆ. ನಿಮ್ಮ ಲಿಫ್ಟೂ ನೆಲದಿಂದಾನೇ ಹತ್ತೋದು ಅಲ್ವೇನ್ರೀ?" ಎಂದಳು ಟೇಲರಮ್ಮ. ಮುಖ್ಯೋಪಾಧ್ಯಾಯಿನಿಯೂ ಲೆಕ್ಕದ ಅಂಕ ನೋಡಿ ಇನ್ನಷ್ಟು ದಿನ ಕಾಯಲು ಒಪ್ಪಿದಳು. ಆ ವಾರವೇ ಟೇಲರಮ್ಮ ದೊಡ್ಡವರಿಗೆಂದು ನಡೆಯುವ ಸಂಜೆಯ ಭಾಷಾ ತರಗತಿಗೆ ಹೆಸರು ಬರೆಸಿದಳು. ಅಮ್ಮ ಮಗಳು ಒಂದೇ ಮೇಜಿಗೆ ಕುಳಿತು ಕಾಪಿ ಬರೆದರು, ಪರಸ್ಪರ ತಪ್ಪು ಹುಡುಕಿದರು. ಅಮ್ಮನ ತಪ್ಪುಗಳಿಗೆ ಮಗಳು ಟೀಚರಿಗಿಂತ ದೊಡ್ಡ ಕೆಂಪು ಗೆರೆ ಎಳೆಯುತ್ತಿದ್ದಳು. ವರ್ಷದ ಕೊನೆಗೆ ಮಗಳು ಭಾಷೆಯಲ್ಲಿ ಐವತ್ತೆಂಟು ತೆಗೆದು, ಓರಗೆಯವರ ಜೊತೆ ಆರನೇ ಕ್ಲಾಸಿಗೆ ಹೋದಳು. ಅಮ್ಮ ತನ್ನ ಸಂಜೆ ತರಗತಿಯ ಪರೀಕ್ಷೆಯಲ್ಲಿ ಮೂರು ಅಂಕಕ್ಕೆ ಫೇಲಾಗಿ, ಒಂಚೂರೂ ನಾಚದೆ ಎರಡನೇ ಸಲ ಕಟ್ಟಿ ಪಾಸಾದಳು.

ಈಗ ಆ ಶಾಲೆಗೆ ಹೊಸದಾಗಿ ಬಂದ ಯಾವ ದೇಶದ ಮಗುವಿಗೂ ಮೊದಲ ದಿನವೇ ಲೆಕ್ಕದ ಪತ್ರಿಕೆ ಕೊಡುತ್ತಾರೆ. ಶಾಲೆ ಶುರುವಾಗುವ ವಾರ ಟೇಲರಮ್ಮ ಲಾಂಡ್ರಿಗೆ ರಜೆ ಹಾಕಿ ಕಚೇರಿಯಲ್ಲಿ ಕೂರುತ್ತಾಳೆ. ಕಂಗಾಲಾದ ತಾಯಂದಿರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಸಹಿ ಹಾಕುವ ಮೊದಲು ಒಂದೊಂದು ಸಾಲನ್ನೂ ಬಿಡಿಸಿ ಹೇಳುತ್ತಾಳೆ.

ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ಮೊನ್ನೆ ಬೀಜಗಣಿತದ ಪುಸ್ತಕವನ್ನು ದೂರ ತಳ್ಳಿ, "ನಾನು ಎರಡು ಕ್ಲಾಸ್ ಕೆಳಗೇ ಇದ್ದಿದ್ರೆ ಎಷ್ಟು ಹಾಯಾಗಿತ್ತಮ್ಮಾ!" ಎಂದು ಗೊಣಗಿದಳು.

"ಓದೇ ಸುಮ್ನೆ," ಎನ್ನುತ್ತ ಟೇಲರಮ್ಮ ಒಲೆಯ ಮೇಲೆ ಹಾಲು ಉಕ್ಕೀತೆಂದು ಒಳಗೆ ಓಡಿದಳು.