ಸಾಸೇಜಿನ ಹೆಸರಿನ ಕ್ರಿಮಿ

ಆ ಕ್ರಿಮಿಗೆ ಹೆಸರಿಟ್ಟವನು ಸಿಕ್ಕಿದ್ದರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ. ಲ್ಯಾಟಿನ್ನಿನಲ್ಲಿ ಬೊಟುಲಸ್ ಅಂದರೆ ಸಾಸೇಜು, ಕರುಳಿನೊಳಗೆ ಮಾಂಸ ತುಂಬಿ ಮಾಡುವ ತಿನಿಸು. ಜರ್ಮನಿಯಲ್ಲಿ ಅದು ಕೆಟ್ಟು, ತಿಂದವರು ಸತ್ತರಂತೆ. ಅದಕ್ಕೇ ಬೊಟುಲಿನಮ್. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ವೈದ್ಯ ಕಲಿಯುವಾಗ ಅಷ್ಟನ್ನೂ ರೋಗದ ಲಕ್ಷಣಗಳನ್ನೂ ಮಾತ್ರ ಬಾಯಿಪಾಠ ಮಾಡಿದ್ದೆ. ನಮ್ಮ ಮಾನ್ವಿ, ದೇವದುರ್ಗದ ಕಡೆ ಸಾಸೇಜು ಯಾರು ತಿಂತಾರೆ ಅಂತ ಮುಂದಿನ ಪುಟ ಓದಲೇ ಇಲ್ಲ.

ಎರಡನೇ ಮಹಾಯುದ್ಧ ಮುಗಿದ ವರ್ಷ, ಚಾತುರ್ಮಾಸದಲ್ಲಿ, ಮಾನ್ವಿಯ ಅರ್ಚಕರೊಬ್ಬರು ತಮ್ಮ ತಾಯಿಯನ್ನು ನೋಡಲು ಕರೆದರು. ಮುದುಕಿಯ ಎರಡೂ ರೆಪ್ಪೆ ಜೋತುಬಿದ್ದಿದ್ದವು. ಒಂದು ದೀಪ ಎರಡಾಗಿ ಕಾಣುತ್ತಿತ್ತು, ಮಾತು ತೊದಲುತ್ತಿತ್ತು. ಜ್ವರವಿಲ್ಲ, ಬುದ್ಧಿ ಚುರುಕಾಗಿಯೇ ಇತ್ತು. ನನಗೆ ತಟ್ಟನೆ ಆ ಪಾಠ ನೆನಪಾಯಿತು.

"ಆಚಾರ್ರ, ಮನಿಯಾಗ ಯಾರರ ಹೊರಗಿಂದ ಮಾಂಸದ್ದು ಏನರ ತಂದಿದ್ರೇನ್ರಿ?" ಎಂದೆ.

ಅವರ ಮುಖ ಕೆಂಪಾಯಿತು. "ಉಳ್ಳಾಗಡ್ಡಿ ಸೈತ ನಮ್ಮ ಹೊಸ್ತಿಲಾ ದಾಟಾಂಗಿಲ್ಲ. ಏನ್ ಮಾತಾಡಾಕತ್ತೀರಿ ಡಾಕ್ಟರ್ ಸಾಹೇಬ್ರ?"

ನಾಲಿಗೆ ಕಚ್ಚಿಕೊಂಡೆ. ಲಕ್ವಾ ಅಂತ ಹೇಳಿ, ಔಷಧ ಬರೆದುಕೊಟ್ಟು ಎದ್ದುಬಂದೆ. ಮಾಂಸ ತಿಂದರಾ ಅಂತ ಕೇಳಿದೆನೇ ಹೊರತು ಏನು ತಿಂದರು ಅಂತ ಕೇಳಲಿಲ್ಲ. ಎಂಥ ಹೆಡ್ಡ ನಾನು!

ಮೂರನೆಯ ದಿನ ಉಸಿರು ಕಟ್ಟತೊಡಗಿತು. ರಾಯಚೂರಿಗೆ ಒಯ್ಯೋಣವೆಂದು ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿಗೆ ಕಾದೆವು. ಬಸ್ಸು ಬರುವಷ್ಟರಲ್ಲಿ ತೀರಿಕೊಂಡಿದ್ದರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅರ್ಚಕರು ದವಾಖಾನೆಗೆ ಬಂದು ಕೂತರು. ಆಗ ಕೇಳಿದೆ, ಅವ್ವ ಏನು ಉಣ್ಣುತ್ತಿದ್ದರು ಅಂತ.

"ಆಕಿದು ಉಪ್ಪು, ಹುಳಿ ಬಿಟ್ಟ ವ್ರತ ಇತ್ರಿ. ದೇವದುರ್ಗದಾಗಿನ ನಮ್ಮ ಅಕ್ಕ ಸುವರ್ಣಗಡ್ಡಿ ಹುರದು, ಬರೇ ಎಣ್ಣ್ಯಾಗ ಮುಳುಗಿಸಿ, ಭರಣಿ ಬಾಯಿ ಬಿಗದು ಕಟ್ಟಿ ಕಳಿಸಿದ್ಲು. ಆಕಿ ಒಬ್ಬಾಕಿಗೇ ಅಂತ."

ಮನೆಗೆ ಓಡಿ ಪುಸ್ತಕ ತೆಗೆದೆ. ಮುಂದಿನ ಪುಟದಲ್ಲೇ ಇತ್ತು: ಈ ಕ್ರಿಮಿ ಮಣ್ಣಿನದು, ಗಾಳಿಯಾಡದ ಕಡೆ ಬೆಳೆಯುತ್ತದೆ, ಹುಳಿ, ಉಪ್ಪು ಕಂಡರೆ ಆಗದು, ಮುಚ್ಚಿಟ್ಟ ಕಾಯಿಪಲ್ಲೆಯಲ್ಲೂ ವಿಷ ಕಟ್ಟುತ್ತದೆ. ಈ ವಿಷ ಇಳಿಸುವ ಸೀರಮ್ ರಾಯಚೂರಿನಲ್ಲೂ ಸಿಗುತ್ತಿರಲಿಲ್ಲ, ಬಲ್ಲೆ. ಆದರೆ ಆ ಭರಣಿಯನ್ನಾದರೂ ಮೊದಲ ದಿನವೇ ತಿಪ್ಪೆಗೆ ಹಾಕಿಸುತ್ತಿದ್ದೆನಲ್ಲ! ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು.

ಮರುದಿನ ಅರ್ಚಕರ ಮನೆಗೆ ಹೋಗಿ, ಭರಣಿಯಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ಕೇಳಿದೆ.

"ಎಲ್ಲಿ ಉಳೀತದ್ರಿ? ನೀವು ಬಂದು ಹ್ವಾದ ಮ್ಯಾಲ ನುಂಗಾಕ ಬರವಲ್ದಾಗಿತ್ತು. ಅದಕ್ಕ ನುಣ್ಣಗ ಅರದು, ನನ್ನ ಕೈಲೇನ ಎಲ್ಲಾ ಉಣಿಸೀನಿ," ಎಂದರು.

ವಿಷವಿದ್ದದ್ದು ಆ ಭರಣಿಯಲ್ಲೇ ಎಂದು ಆ ಮಗನಿಗೆ ನಾನು ಹೇಳಲಿಲ್ಲ.