ಮಗ್ಗದ ಮುಂದೆ ಒಂದು ಫೋಟೋ

ಎಲ್ಲರೂ ಅವರನ್ನು ಫೋಟೋ ಮಾವ ಎಂದೇ ಕರೆಯುತ್ತಿದ್ದರು. ಬಟ್ಟೆ ಗಿರಣಿಯ ಯಂತ್ರಗಳ ಫೋಟೋ ತೆಗೆಯುವುದು ಅವರ ಕೆಲಸ. ಶೆಡ್ಡಿನೊಳಗೆ ಬೆಳಕು ಅಷ್ಟಕ್ಕಷ್ಟೆ. ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕು. ಯಂತ್ರವನ್ನೇನೋ ನಿಲ್ಲಿಸಬಹುದು, ಮನುಷ್ಯರು ಅಲ್ಲಾಡದೆ ನಿಲ್ಲುವುದುಂಟೇ? ಫೋಟೋದಲ್ಲಿ ಹೊಗೆಯ ಹಾಗೆ ಕಲಸಿಹೋಗುತ್ತಿದ್ದರು. ಹಾಗಾಗಿ ಮಾವ ಬಂದರೆ ಸಾಕು, ಕೆಲಸದವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದರು. ಅವರ ಹೆಂಡತಿಯೂ ಅಲ್ಲೇ ಮಗ್ಗ ನಡೆಸುತ್ತಿದ್ದಳು, ಅವಳೂ ಸರಿಯುತ್ತಿದ್ದಳು.

ಗಿರಣಿ ಮುಚ್ಚಿತು. ಚಿಮಣಿ ಬಿತ್ತು, ಕೆಲಸದವರ ಸಾಲುಮನೆ ಬಿತ್ತು, ಗಾಜಿನ ಕಟ್ಟಡಗಳು ಎದ್ದವು. ಎಲ್ಲವನ್ನೂ ಮಾವ ಬೀಳುವ ಮೊದಲೊಮ್ಮೆ, ಬಿದ್ದ ಮೇಲೊಮ್ಮೆ ತೆಗೆದರು. ಯಾರೂ ಹೇಳಿರಲಿಲ್ಲ, ಕೈ ಸುಮ್ಮನಿರುತ್ತಿರಲಿಲ್ಲ, ಅಷ್ಟೆ. ಕೊನೆಗೆ ಯಾರೋ ಓದಿದವರು ಆ ಫೋಟೋಗಳನ್ನೆಲ್ಲ ಒಂದು ಸಭಾಂಗಣದಲ್ಲಿ ಪ್ರದರ್ಶನಕ್ಕೆ ತೂಗುಹಾಕಿದರು. ಹೆಂಡತಿ ಮೊಣಕಾಲು ಹಿಡಿದುಕೊಂಡು ಗೋಡೆಯುದ್ದಕ್ಕೂ ನೋಡುತ್ತ ಬಂದಳು.

“ಏನೂಂದ್ರೆ, ಇದ್ರಲ್ಲಿ ನಾನೆಲ್ಲಿ?”

“ನೀನು ಆಚೆ ನಿಂತಿದ್ದೆ.”

“ಮಿಕ್ಕೋರು?”

“ಅವರೂ ಆಚೆನೇ.”

“ಹಾಗಾದ್ರೆ ಅಷ್ಟೊಂದು ಬಟ್ಟೆ ನೇಯ್ದಿದ್ದು ದೆವ್ವಗಳಾ?”

ಮಾವ ನಕ್ಕರು. ಆದರೆ ಅವತ್ತು ರಾತ್ರಿ ಹಳೆಯ ನೆಗೆಟಿವ್‌ಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ಅವಳನ್ನು ಹುಡುಕಿದರು.

“ನೇಯ್ಗೆ ಶೆಡ್ ನಾಳೆ ಮಧ್ಯಾಹ್ನ ಕೆಡವ್ತಾರಂತೆ,” ಎಂದಳು ಅವಳು. “ನನ್ನ ಮಗ್ಗದ ಮುಂದೆ ನನ್ನದೊಂದು ಫೋಟೋ ತೆಗೀರಿ. ಇನ್ನೇನೂ ಕೇಳಲ್ಲ.”

ಬೆಳಿಗ್ಗೆ ಇಬ್ಬರೂ ಹೋದರು. ಗೇಟಿನ ಕಾವಲುಗಾರ ತಲೆ ಕೆರೆದುಕೊಂಡ. “ಏನಿದೆ ಅಂತ ಬಂದ್ರಿ ಅಜ್ಜಿ? ಇಲಿಗಳೂ ಮನೆ ಖಾಲಿ ಮಾಡಿವೆ.”

“ನಮಗೆ ಇಲಿಗಳಷ್ಟು ಬುದ್ಧಿ ಇಲ್ಲ ಕಣಪ್ಪ, ಬಾಗಿಲು ತೆಗಿ.”

ಒಳಗೆ ಮಗ್ಗಗಳಿರಲಿಲ್ಲ. ಗುಜರಿಯವನು ಯಾವಾಗಲೋ ಸಾಗಿಸಿದ್ದ. ನೆಲದಲ್ಲಿ ಬೋಲ್ಟಿನ ಮೊಂಡು ತುದಿಗಳು ಮಾತ್ರ ಸಾಲುಸಾಲಾಗಿ ಉಳಿದಿದ್ದವು, ಎಲ್ಲವೂ ಒಂದೇ ಥರ. ಆಯುಸ್ಸೆಲ್ಲ ಸವೆಸಿದ ಜಾಗ ಅವಳಿಗೆ ಗುರುತು ಹತ್ತಲಿಲ್ಲ. ಈ ಸಾಲಿಗೆ ಹೋದಳು, ಆ ಸಾಲಿಗೆ ಬಂದಳು, ಕಂಬ ಎಣಿಸಿದಳು, ತಪ್ಪಿತು, ಮತ್ತೆ ಎಣಿಸಿದಳು.

“ನಾಳೆ ಬರೋಣ್ವಾ?” ಎಂದ ಮಾವನಿಗೆ ತಾನು ಏನು ಹೇಳುತ್ತಿದ್ದೇನೆಂದು ಆಮೇಲೆ ಹೊಳೆಯಿತು.

ಅವಳು ಉಸ್ಸೆಂದು ನೆಲದ ಮೇಲೆಯೇ ಕುಳಿತಳು. “ಇಲ್ಲೇ ಇರಬೇಕು. ಇಲ್ಲದಿದ್ರೆ ಪಕ್ಕದ ಮಗ್ಗದೋಳ ಜಾಗ. ಅವಳದ್ದೂ ಒಂದು ಫೋಟೋ ಇಲ್ಲ ಪಾಪ, ಹೋಗಿಬಿಟ್ಟಳು. ತೆಗೀರಿ.”

ಮಾವ ತೆಗೆದರು. ಆಮೇಲೆ ಬಗ್ಗಿ ಅವಳಿಗೆ ಕೈ ಕೊಟ್ಟರು. ಅವರ ಸೊಂಟವೂ ಹಿಡಿದುಕೊಂಡಿತು; ಕಾವಲುಗಾರನೇ ಬಂದು ಇಬ್ಬರನ್ನೂ ಎಬ್ಬಿಸಬೇಕಾಯಿತು.